ದಾಸೋಹಕ್ಕೂ ಒಂದು ಪಾಯ ಬೇಕು

(ಬೆಳಗಾವಿಯಲ್ಲಿ ನಡೆದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ದಾಸೋಹದ ಬಗ್ಗೆ ಮಾತಾಡಬೇಕೆಂದು ಪೂಜ್ಯರು ಅಪ್ಪಣೆ ಮಾಡಿದಾಗ ನಾನು ಒಂದು ವಾರ ಉತ್ತರ ಕೊಡಲಿಲ್ಲ. ನಾನು ಪಂಡಿತನಲ್ಲ. ಹುಬ್ಬಳ್ಳಿಯ ಬಿ.ವಿ.ಭೂಮರಡ್ಡಿ ಕಾಲೇಜಿನಲ್ಲಿ 1980ರಲ್ಲಿ ಸಿವಿಲ್ ಎಂಜಿನಿಯರಿಂಗ್ ಪದವಿ ಮುಗಿಸಿ, ಸರಕಾರಿ ನೌಕರಿ ಸೇರಿ, ಮೂವತ್ತೈದು ವರ್ಷ ಸಿಮೆಂಟು, ಉಸುಕು, ಖಡಿಗಳ ಲೆಕ್ಕ ಬರೆದು 2017ರಲ್ಲಿ ನಿವೃತ್ತನಾದವನು. ವಚನಗಳ ಅರ್ಥ ಬಿಡಿಸಿ ಹೇಳುವ ಶಕ್ತಿ ನನಗಿಲ್ಲ. ಆದರೆ ನಾನು ಹಿಂಜರಿದದ್ದು ಅದಕ್ಕಲ್ಲ. ದಾಸೋಹದ ಬಗ್ಗೆ ಮಾತಾಡಲು ನಿಂತರೆ ನನ್ನ ಬದುಕಿನ ಒಂದು ಸಂಗತಿಯನ್ನು ಹೇಳದೆ ಕೂಡ್ರಲು ಬರುವುದಿಲ್ಲ. ಹತ್ತೊಂಬತ್ತು ವರ್ಷ ಅದನ್ನು ಯಾರ ಮುಂದೆಯೂ ಪೂರ್ತಿ ಹೇಳಿರಲಿಲ್ಲ. ಹೇಳಬೇಕಾಗಿದ್ದ ಒಬ್ಬ ವ್ಯಕ್ತಿ ಈಗ ಇಲ್ಲ. ಅದಕ್ಕೇ ಇಂದು ನಿಮ್ಮ ಮುಂದೆ ಹೇಳುತ್ತೇನೆ.

ಮೊದಲು ದಾಸೋಹವೆಂದರೆ ಏನೆಂದು ನನಗೆ ತಿಳಿದಷ್ಟು ಹೇಳುತ್ತೇನೆ.

ಸೇವೆ ಎಂಬ ಮಾತು ಎಲ್ಲ ಧರ್ಮಗಳಲ್ಲೂ ಇದೆ. 1892ರ ಅಕ್ಟೋಬರ್‌ನಲ್ಲಿ ಸ್ವಾಮಿ ವಿವೇಕಾನಂದರು ನಮ್ಮ ಬೆಳಗಾವಿಗೆ ಬಂದು ಕೆಲವು ದಿನ ಇಲ್ಲಿ ಉಳಿದಿದ್ದರು. ಬಡವನಲ್ಲಿ ದೇವರನ್ನು ಕಾಣಬೇಕೆಂದು ಮುಂದೆ ಅವರು ನಾಡಿಗೆಲ್ಲ ಸಾರಿದರು. ಅದು ದೊಡ್ಡ ಮಾತು, ಅದರ ಮೇಲೆ ನಮಗೆ ಗೌರವವಿದೆ. ಆದರೆ ಹನ್ನೆರಡನೆಯ ಶತಮಾನದಲ್ಲಿಯೇ ನಮ್ಮ ಶರಣರು ಇದನ್ನು ಉಪದೇಶಕ್ಕೆ ಬಿಡದೆ ದಿನನಿತ್ಯದ ಕಟ್ಟಳೆಯನ್ನಾಗಿ ಮಾಡಿದ್ದರು. ದುಡಿ, ದುಡಿದದ್ದರಲ್ಲಿ ನಿನಗೆ ಬೇಕಾದಷ್ಟು ಇಟ್ಟುಕೊ, ಉಳಿದದ್ದು ಸಮಾಜದ್ದು. ದುಡಿಮೆಗೆ ಕಾಯಕವೆಂದರು, ಉಳಿದದ್ದನ್ನು ಒಪ್ಪಿಸುವುದಕ್ಕೆ ದಾಸೋಹವೆಂದರು. ಗುರು, ಲಿಂಗ, ಜಂಗಮ ಎಂಬ ಮೂರರಲ್ಲಿ ಜಂಗಮವೆಂದರೆ ಚಲಿಸುವ ಸಮಾಜವೇ ಎಂದು ಹಿರಿಯರು ನಮಗೆ ತಿಳಿಸಿಕೊಟ್ಟಿದ್ದಾರೆ.

ದಾನ ಮತ್ತು ದಾಸೋಹ ಎರಡೂ ಒಂದೇ ಎಂದು ನಾನು ಬಹಳ ದಿನ ತಿಳಿದಿದ್ದೆ. ವ್ಯತ್ಯಾಸ ತಿಳಿಯಬೇಕಾದರೆ ಪುಸ್ತಕ ಬೇಡ, ನಮ್ಮ ಪ್ರಸಾದದ ಪಂಕ್ತಿಯನ್ನು ನೋಡಿದರೆ ಸಾಕು. ದಾನ ಕೊಡುವವನ ಕೈ ಮೇಲಿರುತ್ತದೆ, ತೆಗೆದುಕೊಳ್ಳುವವನ ಕೈ ಕೆಳಗಿರುತ್ತದೆ. ಪ್ರಸಾದದ ಪಂಕ್ತಿಯಲ್ಲಿ ಉಣ್ಣುವವನು ನೆಟ್ಟಗೆ ಕುಳಿತಿರುತ್ತಾನೆ, ನೀಡುವವನು ಸೊಂಟ ಬಗ್ಗಿಸಬೇಕು. ಬಗ್ಗದೆ ಬಡಿಸಲು ಬರುವುದೇ ಇಲ್ಲ. ‘ನಾನು ದಾಸ’ ಎಂಬ ಅರ್ಥ ಆ ಶಬ್ದದಲ್ಲಿಯೇ ಇದೆ.

ನಮ್ಮ ಬೆಳಗಾವಿ ಜಿಲ್ಲೆಗೆ ಈ ವಿಷಯದಲ್ಲಿ ಬೇರೆ ಕಡೆಯ ಉದಾಹರಣೆ ಬೇಕಾಗಿಲ್ಲ. ಸವದತ್ತಿ ತಾಲೂಕಿನ ಸಿರಸಂಗಿಯ ಲಿಂಗರಾಜ ದೇಸಾಯಿಯವರು 1861ರಲ್ಲಿ ಹುಟ್ಟಿ 1906ರಲ್ಲಿ ಲಿಂಗೈಕ್ಯರಾದರು. ತಮ್ಮ ಸಂಸ್ಥಾನದ ಆಸ್ತಿಯನ್ನು ಬಡ ಮಕ್ಕಳ ವಿದ್ಯಾಭ್ಯಾಸಕ್ಕೆ ಮೃತ್ಯುಪತ್ರ ಬರೆದಿಟ್ಟು ಹೋದರು. ಅವರ ಟ್ರಸ್ಟಿನ ಶಿಷ್ಯವೇತನದಿಂದ ಓದಿದವರು ಎಷ್ಟೋ ಮನೆತನಗಳಲ್ಲಿ ಇದ್ದಾರೆ. ಅವರು ತೀರಿಕೊಂಡ ಹತ್ತು ವರ್ಷಕ್ಕೆ, 1916ರ ನವೆಂಬರ್ 13ರಂದು, ಇದೇ ಊರಿನಲ್ಲಿ ಏಳು ಜನ ಶಿಕ್ಷಕರು ಕೂಡಿ ಕೆ.ಎಲ್.ಇ. ಸಂಸ್ಥೆ ಕಟ್ಟಿದರು. ಪದವೀಧರರು ಬೆರಳೆಣಿಕೆಯಷ್ಟಿದ್ದ ಕಾಲ ಅದು. ಸರಕಾರಿ ಹುದ್ದೆ ಹಿಡಿದಿದ್ದರೆ ದೊಡ್ಡ ಬಂಗಲೆ ಕಟ್ಟಬಹುದಿತ್ತು. ಅವರು ಶಾಲೆ ಕಟ್ಟಿದರು. 1933ರಲ್ಲಿ ಆ ಸಂಸ್ಥೆ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರಿಟ್ಟರು.

ಫ.ಗು.ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರು. ಮನೆಮನೆಯ ಜಗುಲಿಯ ಮೇಲೆ ಪೂಜೆಗೊಂಡು ಧೂಳು ತಿನ್ನುತ್ತಿದ್ದ ತಾಡೋಲೆಯ ಕಟ್ಟುಗಳನ್ನು ಹುಡುಕಿ ಹುಡುಕಿ ಕೂಡಿಹಾಕಿದರು. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಅಚ್ಚಾದದ್ದು ನಮ್ಮ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ. ಮುಂದೆ ವಿಜಯಪುರದಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯ ಹಾಕಲು ಇದ್ದ ಮನೆಯನ್ನೂ ಮಾರಿಕೊಂಡರು. ಇಂದು ನಾವು ಬಾಯಿಪಾಠ ಹೇಳುವ ವಚನಗಳು ಅವರ ಹರಿದ ಕೋಟಿನ ಋಣ.

ಇನ್ನು ನಾಗನೂರು ರುದ್ರಾಕ್ಷಿಮಠದ ಹಿರಿಯ ಶಿವಬಸವ ಸ್ವಾಮಿಗಳು. ಸ್ವಾತಂತ್ರ್ಯ ಬರುವುದಕ್ಕೆ ಮೊದಲೇ ಬೆಳಗಾವಿಯಲ್ಲಿ ಉಚಿತ ಪ್ರಸಾದ ನಿಲಯ ತೆರೆದು, ನೂರು ವರ್ಷ ದಾಟಿದ ತುಂಬು ಬಾಳನ್ನು ಅದಕ್ಕೇ ಸವೆಸಿದರು. ತುಮಕೂರು ಕಡೆ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹ ನಡೆಸಿದರು. 2019ರ ಜನವರಿಯಲ್ಲಿ ಅವರು ಲಿಂಗೈಕ್ಯರಾದಾಗ ನಾಡೇ ತಬ್ಬಲಿಯಾಯಿತು. ನಾನು ಈ ಮಾತನ್ನು ಉಂಡ ಬಾಯಿಂದಲೇ ಹೇಳುತ್ತಿದ್ದೇನೆ. ಬೈಲಹೊಂಗಲ ತಾಲೂಕಿನ ಒಂದು ಹಳ್ಳಿ ನಮ್ಮದು, ಒಣಬೇಸಾಯ. ನಾನು ಬೆಳಗಾವಿಯಲ್ಲಿ ಪಿ.ಯು.ಸಿ. ಓದಿದ್ದು ಪ್ರಸಾದ ನಿಲಯದ ರೊಟ್ಟಿ ಉಂಡು. ಆ ರೊಟ್ಟಿ ಯಾರ ಹೊಲದ ಜೋಳದ್ದು, ಯಾವ ತಾಯಿ ಬೀಸಿದ್ದು ನನಗೆ ಇಂದಿಗೂ ಗೊತ್ತಿಲ್ಲ. ಗೋಡೆಯ ಮೇಲೆ ಅವರ ಹೆಸರು ಇರಲಿಲ್ಲ.

ಶರಣ ಬಂಧುಗಳೇ, ಇಷ್ಟು ಹೇಳಿ ನಾನು ಕುಳಿತಿದ್ದರೆ ಚಪ್ಪಾಳೆ ಹೊಡೆಯುತ್ತಿದ್ದಿರಿ. ಈಗ ನನ್ನ ಮಾತು.

ಆಯ್ದಕ್ಕಿ ಮಾರಯ್ಯ–ಲಕ್ಕಮ್ಮನವರ ಕಥೆ ನಿಮಗೆಲ್ಲ ಗೊತ್ತು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಹಿಗ್ಗಲಿಲ್ಲ. ಇಷ್ಟು ಹೆಚ್ಚು ಎಲ್ಲಿಂದ ಬಂತೆಂದು ಕೇಳಿದಳು, ಬೇಡದ್ದನ್ನು ಮರಳಿ ಸುರಿದು ಬರಲು ಹೇಳಿದಳು. ಕದ್ದ ಅಕ್ಕಿಯೂ ಅಲ್ಲ ಅದು. ಆಸೆಯಿಂದ ಬಂದದ್ದು, ಅಷ್ಟೇ. ಆದರೂ ಅದು ದಾಸೋಹದ ಗಡಿಗೆಗೆ ಸಲ್ಲದು ಎಂದಳು. ಈ ಕಥೆಯನ್ನು ನಾನು ಸಣ್ಣವನಿದ್ದಾಗ ನಮ್ಮ ಅವ್ವನ ಬಾಯಿಂದ ಕೇಳಿದ್ದೆ. ಅವ್ವನಿಗೆ ಓದು ಬರುತ್ತಿರಲಿಲ್ಲ. ಪುರಾಣ ಪ್ರವಚನದಲ್ಲಿ ಕೇಳಿದ್ದನ್ನೆಲ್ಲ ನೆನಪಿಟ್ಟುಕೊಂಡಿದ್ದಳು.

2005ನೆಯ ಇಸವಿ. ನಾನು ಆಗ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್. ಖಾನಾಪುರ ತಾಲೂಕಿನ ಪಶ್ಚಿಮದ ಕಾಡಂಚಿನಲ್ಲಿ ಒಂದು ಹಳ್ಳದ ಮೇಲೆ ಕಿರುಸೇತುವೆ ಆಗಬೇಕಾಗಿತ್ತು. ಅಲ್ಲಿಯ ಜನ ಮರಾಠಿಯಲ್ಲಿ ಅದಕ್ಕೆ ಸಾಕವ ಎನ್ನುತ್ತಾರೆ. ಖಾನಾಪುರದ ಮಳೆ ನಿಮಗೆ ಗೊತ್ತಿದೆ. ಮಲಪ್ರಭೆ ಹುಟ್ಟುವ ಕಣಕುಂಬಿ ಆ ತಾಲೂಕಿನದೇ. ನವಿಲುತೀರ್ಥದಲ್ಲಿ ನಿಂತು ಹುಬ್ಬಳ್ಳಿ–ಧಾರವಾಡದವರು ಕುಡಿಯುವ ನೀರು ಆ ಕಾಡಿನಲ್ಲಿ ಬೀಳುವ ಮಳೆಯಿಂದಲೇ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿಯ ಹಳ್ಳಗಳು ಹೊಳೆಗಳಾಗುತ್ತವೆ. ನಮಗೆ ನೀರು ಕೊಡುವ ಊರುಗಳೇ ಆ ನಾಲ್ಕು ತಿಂಗಳು ನಡುಗಡ್ಡೆಗಳಾಗುತ್ತವೆ.

ಸೇತುವೆಯ ಜೀವ ಮೇಲಿನ ಸ್ಲ್ಯಾಬಿನಲ್ಲಿ ಇರುವುದಿಲ್ಲ, ಪಾಯದಲ್ಲಿ ಇರುತ್ತದೆ. ಹರಿಯುವ ನೀರು ಗೋಡೆಯನ್ನು ಎದುರಿನಿಂದ ಗುದ್ದುವುದಕ್ಕಿಂತ ಬುಡದ ಮಣ್ಣನ್ನು ಕೊರೆಯುವುದೇ ಹೆಚ್ಚು. ಆದ್ದರಿಂದ ಗಟ್ಟಿ ಪದರು ಸಿಗುವವರೆಗೆ ತೋಡಬೇಕು. ಆ ಕಾಮಗಾರಿಯ ಅಂದಾಜು ಪಟ್ಟಿಯಲ್ಲಿ ಎರಡು ಮೀಟರ್ ಪಾಯವೆಂದು ಇತ್ತು. ಅಳತೆ ಪುಸ್ತಕದಲ್ಲಿಯೂ ಎರಡು ಮೀಟರ್ ಎಂದೇ ಬರೆದಿತ್ತು. ನೆಲದಲ್ಲಿ ಇದ್ದದ್ದು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ನಾನು ತಪಾಸಣೆಗೆ ಹೋದಾಗ ಪಾಯ ಮುಚ್ಚಿತ್ತು. ಒಂದು ಕಡೆ ಅಗೆಸಿ ನೋಡುವ ಅಧಿಕಾರ ನನಗಿತ್ತು, ಅದು ನನ್ನ ಕರ್ತವ್ಯವೂ ಆಗಿತ್ತು. ಮಾರ್ಚ್ ಕೊನೆಯ ವಾರ, ಬಿಲ್ಲಿನ ಅವಸರ. ಅಗೆಸಲಿಲ್ಲ, ಸಹಿ ಮಾಡಿದೆ. ‘ನನಗೆ ಗೊತ್ತಿರಲಿಲ್ಲ’ ಎಂದು ಹೇಳಿಕೊಂಡು ಬಹಳ ವರ್ಷ ಮಲಗಿದೆ. ಸತ್ಯ ಏನೆಂದರೆ, ನಾನು ಗೊತ್ತು ಮಾಡಿಕೊಳ್ಳಲಿಲ್ಲ.

ಆ ಗುತ್ತಿಗೆದಾರ ಏಪ್ರಿಲ್‌ನಲ್ಲಿ ಮನೆಗೆ ಬಂದ. ಕೈಯಲ್ಲಿ ಪಾಕೀಟು ಇರಲಿಲ್ಲ. “ಸಾಹೇಬ್ರ, ನೀವು ರೊಕ್ಕ ಮುಟ್ಟೂದಿಲ್ಲ ಅಂತ ನನಗ ಗೊತ್ತೈತ್ರಿ. ನಿಮ್ಮ ಊರಾಗ ಬಸವ ಜಯಂತಿ ಪ್ರಸಾದ ನಿಮ್ಮ ಹೆಸರಿಲೆ ನಾ ಮಾಡಸ್ತೇನ್ರಿ. ದೇವರ ಕೆಲಸ, ಬ್ಯಾಡ ಅನಬ್ಯಾಡ್ರಿ” ಎಂದ. ನಾನು ಬ್ಯಾಡ ಅನ್ನಲಿಲ್ಲ. ನನ್ನ ಮನಸ್ಸು ತಾನೇ ಒಂದು ವಕಾಲತ್ತು ಮಾಡಿತು: ನಾನು ಒಂದು ರೂಪಾಯಿ ತಿಂದಿಲ್ಲ, ಮನೆಗೆ ಏನೂ ಬಂದಿಲ್ಲ, ಊರ ಜನ ಉಣ್ಣುತ್ತಾರೆ, ಬಸವಣ್ಣನವರ ಹೆಸರಿನಲ್ಲಿ ಆಗುತ್ತದೆ, ಇದರಲ್ಲಿ ತಪ್ಪೇನು?

ಮೇ ತಿಂಗಳಲ್ಲಿ ಜಯಂತಿ ಆಯಿತು. ಸಾವಿರದ ಇನ್ನೂರು ಜನ ಉಂಡರು. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಪೆಂಡಾಲಿನ ಬಾಗಿಲಿಗೆ ನನ್ನ ಹೆಸರಿನ ದೊಡ್ಡ ಫಲಕ, ಹೆಸರಿನ ಮುಂದೆ ‘ದಾಸೋಹಿ’ ಎಂಬ ಶಬ್ದ. ಹಿರಿಯರು ಶಾಲು ಹೊದಿಸಿದರು. ಅವ್ವ ಹೆಂಗಸರ ಪಂಕ್ತಿಯಲ್ಲಿ ಕುಳಿತಿದ್ದಳು. ನಾನು ಬಡಿಸುತ್ತ ಅವಳ ಮುಂದೆ ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದು ಸಣ್ಣ ದನಿಯಲ್ಲಿ ಕೇಳಿದಳು:

“ಇಷ್ಟು ಮಂದಿಗೆ ಉಣ್ಣಾಕ ಹಾಕೀಯಲ್ಲೋ ತಮ್ಮಾ, ಇದು ಯಾವ ತಿಂಗಳ ಪಗಾರದ್ದು?”

ಲಕ್ಕಮ್ಮನ ಪ್ರಶ್ನೆಯೇ ಅದು. ನಾನು ಮಾರಯ್ಯನಾಗಲಿಲ್ಲ. “ಎರಡ ವರ್ಷದಿಂದ ಕೂಡಿಸಿಟ್ಟಿದ್ದೆ ಅವ್ವಾ” ಎಂದೆ. “ಹಂಗಾರ ಛಲೋ ಆತು” ಎಂದು ಕೈ ತೆಗೆದಳು. ಹುಗ್ಗಿಯನ್ನು ಕಣ್ಣಿಗೆ ಒತ್ತಿಕೊಂಡು ಉಂಡಳು. ಅವಳು ನನ್ನನ್ನು ನಂಬಿದಳು. 2009ರಲ್ಲಿ ಅವಳು ಹೋದಳು. ಹೋಗುವವರೆಗೂ ಆ ಜಯಂತಿಯ ಪ್ರಸಾದವನ್ನು ಊರವರ ಮುಂದೆ ಹೇಳಿಕೊಂಡು ಹಿಗ್ಗುತ್ತಿದ್ದಳು. ಪ್ರತಿ ಸಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಅದೇ ಜುಲೈನಲ್ಲಿ ಘಟ್ಟದ ಮೇಲೆ ಮಳೆ ಸುರಿಯಿತು. ಮುಂಬಯಿ ಮುಳುಗಿದ ವರ್ಷ ಅದು, ಹಿರಿಯರಿಗೆ ನೆನಪಿದ್ದೀತು. ಸೇತುವೆಯ ಒಂದು ಬದಿಯ ಗೋಡೆಯ ಬುಡ ಕೊರೆದು ಸ್ಲ್ಯಾಬು ವಾಲಿ ಹಳ್ಳಕ್ಕೆ ಬಿತ್ತು. ರಾತ್ರಿ ಬಿದ್ದದ್ದರಿಂದ ಜೀವ ಹೋಗಲಿಲ್ಲ. ‘ಅತಿವೃಷ್ಟಿಯಿಂದ ಹಾನಿ’ ಎಂದು ವರದಿ ಬರೆದೆ. ಅದಕ್ಕೂ ಸಹಿ ನನ್ನದೇ. ಮರುವರ್ಷ ವರ್ಗವಾಯಿತು. ಆ ರಸ್ತೆಗೆ ಹದಿನಾಲ್ಕು ವರ್ಷ ಹೋಗಲಿಲ್ಲ. ನಿತ್ಯ ಇಷ್ಟಲಿಂಗ ಪೂಜೆ ಮಾತ್ರ ತಪ್ಪಿಸಲಿಲ್ಲ. ಅಂಗೈಯಲ್ಲಿ ಲಿಂಗ ಹಿಡಿದು ಕುಳಿತಾಗಲೆಲ್ಲ ಸಹಿ ಮಾಡಿದ್ದೂ ಇದೇ ಕೈ ಎಂಬುದು ನೆನಪಾಗುತ್ತಿತ್ತು.

2019ರ ಆಗಸ್ಟ್‌ನಲ್ಲಿ ಬೆಳಗಾವಿ ಜಿಲ್ಲೆಗೆ ಬಂದ ನೆರೆಯನ್ನು ನೀವು ಕಂಡಿದ್ದೀರಿ. ಮಠಗಳಲ್ಲಿ ರೊಟ್ಟಿ ಕಟ್ಟಿ ಕಳಿಸಿದ ತಾಯಂದಿರು ಇಲ್ಲಿಯೇ ಕುಳಿತಿದ್ದೀರಿ. ನಾನು ನಿವೃತ್ತ, ಸುಮ್ಮನಿರಲಾಗದೆ ಹುಡುಗರ ಜೊತೆ ಜೀಪಿನಲ್ಲಿ ಖಾನಾಪುರ ಕಡೆ ಹೊರಟೆ. ಎಲ್ಲಿಗೆ ಹೋಗಬೇಕೆಂದು ಪಟ್ಟಿ ಮಾಡಿದವರು ಹುಡುಗರು. ಜೀಪು ಆ ರಸ್ತೆಗೇ ತಿರುಗಿತು.

ಹಳ್ಳದ ದಂಡೆಗೆ ಜೀಪು ನಿಂತಿತು. ನನ್ನ ಸೇತುವೆಯ ಒಂದು ಗೋಡೆ ಹಾಗೆಯೇ ನಿಂತಿತ್ತು, ಇನ್ನೊಂದರ ಕಲ್ಲುಗಳು ಹಳ್ಳದಲ್ಲಿ ಬಿದ್ದಿದ್ದವು. ಊರವರು ಎರಡು ದೊಡ್ಡ ಮರದ ದಿಮ್ಮಿ ಹಾಕಿ ಬಿದಿರು ಕಟ್ಟಿಕೊಂಡಿದ್ದರು. ವರ್ಷಕ್ಕೊಮ್ಮೆ ಹೊಳೆ ಒಯ್ಯುತ್ತದೆ, ವರ್ಷಕ್ಕೊಮ್ಮೆ ಕಟ್ಟುತ್ತಾರೆ. ಆ ಕಡೆಯಿಂದ ಎಂಟು ಜನ ಬರುತ್ತಿದ್ದರು. ಎರಡು ಗಳಕ್ಕೆ ಕಂಬಳಿ ಕಟ್ಟಿ ಅದರಲ್ಲಿ ಜ್ವರ ಬಂದ ಒಬ್ಬ ಮುದುಕನನ್ನು ಮಲಗಿಸಿ ಹೊತ್ತು ತರುತ್ತಿದ್ದರು. ಮೂರು ಮೈಲು ಹಾಗೆಯೇ ಮಳೆಯಲ್ಲಿ ಬಂದಿದ್ದರು. ನಾಲ್ವರು ಹೊರುವುದು, ನಾಲ್ವರು ಬರಿಗೈಲಿ ನಡೆಯುವುದು. ದಿಮ್ಮಿ ದಾಟುವ ಮೊದಲು ಹೆಗಲು ಬದಲಾಯಿತು. ಯಾರೂ ಯಾರನ್ನೂ ಕರೆಯಲಿಲ್ಲ, ಸುಮ್ಮನೆ ಬದಲಾಯಿತು. ಮುದುಕನನ್ನು ನಮ್ಮ ಜೀಪಿನಲ್ಲಿ ಖಾನಾಪುರದ ಆಸ್ಪತ್ರೆಗೆ ಕಳಿಸಿದೆವು. ನಾನು ಅಲ್ಲಿಯೇ ಉಳಿದೆ.

“ಯಾರು ಹೊರಬೇಕೆಂದು ಹೇಗೆ ಗೊತ್ತು ಮಾಡುತ್ತೀರಿ?” ಎಂದು ನನ್ನ ಅರೆಬರೆ ಮರಾಠಿಯಲ್ಲಿ ಅವರಲ್ಲಿ ಹಿರಿಯನನ್ನು ಕೇಳಿದೆ. ಅವನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಮತ್ತೊಮ್ಮೆ ಕೇಳಿದೆ. “ಯಾರ ಹೆಗಲು ಖಾಲಿ ಇದೆಯೋ ಅವರು” ಎಂದ. ಆ ಎಂಟು ಜನರಲ್ಲಿ ಮರಾಠರು ಇದ್ದರು, ದನ ಕಾಯುವ ಗವಳಿಗಳು ಇದ್ದರು. ಅವರು ಬಸವಣ್ಣನವರ ಹೆಸರನ್ನು ಕೇಳಿದ್ದರೋ ಇಲ್ಲವೋ. ಆ ಹೆಗಲುಗಳ ಮೇಲೆ ಇದ್ದದ್ದು ದಾಸೋಹವೇ. ಅದನ್ನು ದಾಸೋಹವೆಂದು ಗುರುತಿಸಲು ನನಗೆ ಲಿಂಗದೀಕ್ಷೆಯಾಗಿ ಐವತ್ತು ವರ್ಷ ಬೇಕಾಯಿತು.

ಆ ಹೊತ್ತಿಗೆ ಒಬ್ಬ ತರುಣಿ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಚಹಾ ತಂದಳು. ಕನ್ನಡ ಬರುತ್ತಿತ್ತು. ಬಿದ್ದ ಗೋಡೆಯನ್ನು ನಾನು ನೋಡುತ್ತಿದ್ದುದನ್ನು ಕಂಡು ತಾನೇ ಹೇಳಿದಳು: “ಅದು ಬಿದ್ದಾಗ ನಾನು ಐದನೇತ್ತೆ ಇದ್ದೆ ಸಾಹೇಬ್ರ. ಸಾಲಿ ಆ ಕಡೆ ದಂಡಿಗೆ. ಮಳಿ ಮುಗಿಯೂ ತನಕ ಮನಿಯಾಗ ಕುಂತ್ವಿ. ಆಮ್ಯಾಲ ನಾ ಹೋಗಲೇ ಇಲ್ಲ.” ಎಷ್ಟು ಮಕ್ಕಳು ಇದ್ದಿರಿ ಎಂದೆ. ಹನ್ನೊಂದು, ಮತ್ತೆ ಶಾಲೆಗೆ ಹೋದವರು ಆರು, ಎಂದಳು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಚಹಾದಲ್ಲಿ ಸಕ್ಕರೆ ಸಾಕೇ ಎಂದು ಕೇಳಿದಳು.

ಎಂಜಿನಿಯರ್ ಬುದ್ಧಿ, ಅಲ್ಲಿಯೇ ಲೆಕ್ಕ ಹಾಕಿತು. ಒಂದು ದಿನ ಸಾವಿರದ ಇನ್ನೂರು ಎಲೆ ಹುಗ್ಗಿ ಒಂದು ಕಡೆ. ಐದು ಮಕ್ಕಳ ಇಡೀ ಬಾಳಿನ ಅಕ್ಷರ ಇನ್ನೊಂದು ಕಡೆ. ಪ್ರಸಾದ ನಿಲಯದ ಅನ್ನ ಉಂಡು ಅಕ್ಷರ ಕಲಿತವನು ನಾನು. ಅದೇ ಅಕ್ಷರದಿಂದ ಸಹಿ ಹಾಕಿ ಐದು ಮಕ್ಕಳ ಅಕ್ಷರ ಕಸಿದೆ. ಕಸಿದದ್ದರಲ್ಲಿ ಬಂದ ಪಾಲಿನಿಂದ ನಮ್ಮ ಊರಿನಲ್ಲಿ ದಾಸೋಹಿ ಎನಿಸಿಕೊಂಡೆ. ಅವ್ವ ಕಣ್ಣಿಗೆ ಒತ್ತಿಕೊಂಡದ್ದು ಏನನ್ನು ಎಂಬುದು ಅಂದು ತಿಳಿಯಿತು.

ಮನೆಗೆ ಬಂದು ನಮ್ಮ ಮನೆಯವರ ಮುಂದೆ ಅರ್ಧ ಹೇಳಿದೆ. ಅವರು ಹೆಚ್ಚು ಮಾತಾಡಲಿಲ್ಲ. “ಗ್ರ್ಯಾಚುಯಿಟಿ ರೊಕ್ಕ ಬ್ಯಾಂಕಿನ್ಯಾಗ ಐತೆಲ್ಲ” ಎಂದರು, ಅಷ್ಟೇ. ಮರುವರ್ಷ ಆ ಊರಿಗೆ ಹೋಗಿ ಮಾರುತಿ ಗುಡಿಯ ಕಟ್ಟೆಯ ಮೇಲೆ ಹಿರಿಯರನ್ನು ಕೂಡಿಸಿ, ಬಿದ್ದ ಸೇತುವೆಗೆ ಸಹಿ ಮಾಡಿದವನು ನಾನೇ ಎಂದು ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಇಲ್ಲವೆ, ದೊಡ್ಡ ಮನಸ್ಸಿನವರು, ಹೋಗಲಿ ಬಿಡಿ ಎನ್ನುತ್ತಾರೆ ಎಂದೂ ಆಸೆ ಇತ್ತು. ಎರಡೂ ಆಗಲಿಲ್ಲ. ಬಹಳ ಹೊತ್ತು ಸುಮ್ಮನೆ ಕುಳಿತರು. ಹೆಗಲಿನ ಮಾತು ಹೇಳಿದ್ದ ಆ ಹಿರಿಯನೇ ಕಡೆಗೆ ಹೇಳಿದ: “ಹಾಗಾದರೆ ಈ ಸಲ ಪಾಯ ತೋಡುವಾಗ ನೀವೇ ನಿಂತು ನೋಡಿ.”

ನಿಂತು ನೋಡಿದೆ. ಜಾಗ ಅರಣ್ಯದ ಗಡಿಯಿಂದ ಹೊರಗಿತ್ತು, ಪಂಚಾಯಿತಿಯ ಒಪ್ಪಿಗೆ ಸಿಕ್ಕಿತು. ನನ್ನ ಹಾಗೆಯೇ ನಿವೃತ್ತರಾದ ಇಬ್ಬರು ಗೆಳೆಯರು ನಕ್ಷೆ ತಪಾಸಿಸಿದರು. ಹನ್ನೆರಡು ಮೀಟರ್ ಉದ್ದದ, ಜನ ಮತ್ತು ದನ ದಾಟುವ, ಕಬ್ಬಿಣದ ತೊಲೆಯ ಕಾಲುಸೇತುವೆ. ಊರವರು ಕಲ್ಲು ಹೊತ್ತರು, ಹೆಂಗಸರು ಉಸುಕು ತಂದರು. 2021ರ ಬೇಸಿಗೆಯ ಮೊದಲೇ ಮುಗಿಯಿತು. ಪಾಯ ಎರಡೂಕಾಲು ಮೀಟರ್ ಹೋಯಿತು, ಗಟ್ಟಿ ಬಂಡೆ ಸಿಕ್ಕಿತು. ಆ ಗುಂಡಿಯಲ್ಲಿ ಇಳಿದು ನಿಂತಾಗ ನನ್ನ ತಲೆ ನೆಲಕ್ಕಿಂತ ಕೆಳಗಿತ್ತು. ಮೂವತ್ತೈದು ವರ್ಷದ ನೌಕರಿಯಲ್ಲಿ ಅಷ್ಟು ಕೆಳಗೆ ನಾನು ಎಂದೂ ಇಳಿದಿರಲಿಲ್ಲ. ನಾಲ್ಕು ಮಳೆಗಾಲ ಕಳೆದಿವೆ, ಸೇತುವೆ ನಿಂತಿದೆ.

ನನ್ನ ಹೆಸರಿನ ಕಲ್ಲು ಹಾಕುತ್ತೇವೆಂದು ಅಲ್ಲಿಯ ತರುಣರು ಬಂದರು. ಬೇಡವೆಂದೆ. ನೀವು ಇದನ್ನು ವಿನಯ ಎಂದು ತಿಳಿಯಬಾರದು, ಅದು ನಾಚಿಕೆ. ಇನ್ನೊಂದು ಮಾತೂ ಸ್ಪಷ್ಟವಾಗಲಿ. ನಾನು ಕಟ್ಟಿಸಿದ ಸೇತುವೆ ದಾಸೋಹವಲ್ಲ. ಅದು ಸಾಲ ತೀರಿಸಿದ್ದು, ಅದೂ ಪೂರ್ತಿ ತೀರಿಲ್ಲ. ಸೇತುವೆ ಮರಳಿ ಕಟ್ಟಬಹುದು. ಆ ತರುಣಿಯ ಐದನೇ ಇಯತ್ತೆಯನ್ನು ಯಾವ ಗ್ರ್ಯಾಚುಯಿಟಿಯಿಂದ ಮರಳಿ ಕೊಡಲಿ? ಅಲ್ಲಿ ದಾಸೋಹ ಮಾಡಿದವರು ಕಲ್ಲು ಹೊತ್ತವರು. ಸಾಲ ಅವರದ್ದಾಗಿರಲಿಲ್ಲ.

ಆ ಕೆಲಸ ಮುಗಿಸಿ ಬರುವಾಗ ಅದೇ ತಾಲೂಕಿನ ಕಕ್ಕೇರಿಗೆ ಹೋಗಿ ಬಂದೆ. ಕಲ್ಯಾಣದ ಕ್ರಾಂತಿಯ ನಂತರ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆ ಸಾಗಿದ ದಾರಿಯ ಊರು ಅದು. ವಚನಗಳನ್ನೂ ಹಿಂದೆ ಬರುವವರನ್ನೂ ಕಾಯಲು ನಿಂತ ಡೋಹರ ಕಕ್ಕಯ್ಯನವರು ಅಲ್ಲಿ ಐಕ್ಯರಾದರೆಂದು ನಮ್ಮ ಪರಂಪರೆ ನಂಬಿದೆ. ತೊಗಲು ಹದ ಮಾಡುವ ಕಾಯಕದವರು. ಅವರನ್ನು ಬಸವಣ್ಣನವರು ತಮ್ಮ ಹಿರಿಯರ ಸಾಲಿನಲ್ಲಿ ಎಣಿಸಿದರು. ಆ ಸಮಾಧಿಯ ಮುಂದೆ ಕುಳಿತು ಯೋಚಿಸಿದೆ. ಹಳಕಟ್ಟಿಯವರ ಕೈಗೆ ಸಿಕ್ಕ ತಾಡೋಲೆಗಳ ಹಿಂದೆ ಇಂಥ ಎಷ್ಟು ಹೆಗಲುಗಳಿದ್ದವು? ಅವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ಖಾಲಿ ಇದ್ದ ಹೆಗಲುಗಳು ಹೊತ್ತವು, ಅಷ್ಟೇ.

ಶರಣ ಬಂಧುಗಳೇ, ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಮೂರು ಬಿನ್ನಹ ಮಾತ್ರ.

ಒಂದು. ನಮ್ಮ ಮಠಗಳಲ್ಲಿ, ಜಾತ್ರೆಗಳಲ್ಲಿ ದಾಸೋಹಕ್ಕೆ ಯಾರಾದರೂ ದೊಡ್ಡ ಕಾಣಿಕೆ ತಂದಾಗ, ರಸೀದಿ ಹರಿಯುವ ಮೊದಲು ನಮ್ಮ ಅವ್ವನ ಪ್ರಶ್ನೆಯನ್ನು ಕೇಳೋಣ: ಇದು ಯಾವ ತಿಂಗಳ ಪಗಾರದ್ದು? ಕೇಳಿದರೆ ಕೆಲವರು ಸಿಟ್ಟಾಗುತ್ತಾರೆ, ಕೆಲವು ಕಾಣಿಕೆ ತಪ್ಪುತ್ತದೆ. ಪ್ರಸಾದ ನಿಲಯ ನಡೆಸುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಿದೆ. ಬೇಳೆ ಎಣ್ಣೆಯ ಧಾರಣೆ ಗೊತ್ತಿದೆ. ಆದರೂ ಕೇಳಬೇಕು. ಅಂದು ಯಾರಾದರೂ ಹಿರಿಯರು ನನ್ನ ಹೆಗಲ ಮೇಲೆ ಶಾಲು ಹೊದಿಸುವ ಬದಲು ಆ ಪ್ರಶ್ನೆಯನ್ನು ಮುಖ ನೋಡಿ ಕೇಳಿದ್ದರೆ, ಜೂನ್‌ಗೆ ಮೊದಲು ಒಂದು ಕಡೆ ಅಗೆಸಿ ನೋಡುವ ಧೈರ್ಯ ಬರುತ್ತಿತ್ತೋ ಏನೋ. ಕಾಯಕ ಶುದ್ಧವಿಲ್ಲದ ದಾಸೋಹ ಪಾಯವಿಲ್ಲದ ಸೇತುವೆ. ಬೇಸಿಗೆಯಲ್ಲಿ ಚೆಂದ ಕಾಣುತ್ತದೆ.

ಎರಡು. ಹೆಸರಿನ ಫಲಕಗಳನ್ನು ಕಡಿಮೆ ಮಾಡೋಣ. ಪಂಕ್ತಿಯಲ್ಲಿ ಕುಳಿತ ಮಗುವಿಗೆ ತನ್ನ ಅನ್ನ ಇಂಥವನ ಉಪಕಾರ ಎಂದು ಗೋಡೆ ದಿನಾ ಹೇಳಬಾರದು. ಹೆಸರಿಲ್ಲದ ರೊಟ್ಟಿ ಉಂಡು ಬೆಳೆದವನು ನಾನು. ಆ ರೊಟ್ಟಿ ನನ್ನನ್ನು ಯಾರ ಮುಂದೆಯೂ ಕುಗ್ಗಿಸಲಿಲ್ಲ. ನಾನು ಕುಗ್ಗಿದ್ದು ನನ್ನ ಹೆಸರಿನ ಫಲಕದ ಕೆಳಗೆ.

ಮೂರು. ದಾಸೋಹವೆಂದರೆ ಅನ್ನ ಮಾತ್ರ ಎಂದು ತಿಳಿದು, ರೊಕ್ಕ ಇಲ್ಲದವರು ಹಿಂದೆ ಸರಿಯಬಾರದು. ನಿಮ್ಮ ಕಾಯಕದಲ್ಲಿ ಏನು ಕಲಿತಿದ್ದೀರೋ ಅದನ್ನು ಒಪ್ಪಿಸಿ. ಈ ಸಭೆಯಲ್ಲಿ ನಿವೃತ್ತ ಶಿಕ್ಷಕರಿದ್ದೀರಿ, ನರ್ಸುಗಳಿದ್ದೀರಿ, ವಕೀಲರಿದ್ದೀರಿ, ಲೈನ್‌ಮನ್‌ಗಳಿದ್ದೀರಿ. ವಾರಕ್ಕೆ ಎರಡು ತಾಸು ಯಾರದಾದರೂ ಹೆಗಲು ಹಗುರಾಗುವ ಕೆಲಸ ಸಿಗದೆ ಇರುವುದಿಲ್ಲ. ಇನ್ನೂ ನೌಕರಿಯಲ್ಲಿ ಇರುವವರಿಗೆ ಅದಕ್ಕೂ ಸುಲಭದ ದಾರಿ ಇದೆ. ನಿಮ್ಮ ಮೇಜ ಮೇಲಿನ ಕಾಗದವನ್ನು ಸರಿಯಾಗಿ ಓದಿ ಸರಿಯಾಗಿ ಸಹಿ ಮಾಡಿ. ಆ ಕಾಗದದ ಆ ಕಡೆ ದಂಡೆಗೆ ಯಾವುದೋ ಊರಿನ ಹನ್ನೊಂದು ಮಕ್ಕಳು ಇರುತ್ತಾರೆ. ಅವರು ನಿಮಗೆ ಕಾಣುವುದಿಲ್ಲ.

ಪ್ರಸಾದ ನಿಲಯದ ಮಕ್ಕಳೇ, ನಿಮಗೆ ಒಂದು ಮಾತು. ಮಂಗಳವಾರ, ಗುರುವಾರ ಸಂಜೆ ನಾನು ನಿಮಗೆ ಗಣಿತ ಹೇಳಿಕೊಡಲು ಬರುತ್ತೇನೆ. ಅಜ್ಜ ಬಹಳ ಕಟ್ಟುನಿಟ್ಟು, ಅರ್ಧ ಸೆಂಟಿಮೀಟರ್ ತಪ್ಪಿದರೂ ಮತ್ತೆ ಅಳೆಯಲು ಹೇಳುತ್ತಾನೆ ಎಂದು ನೀವು ನಗುವುದು ನನಗೆ ಗೊತ್ತಿದೆ. ಯಾಕೆ ಹೇಳುತ್ತೇನೆ ಎಂಬುದು ಇಂದು ನಿಮಗೆ ತಿಳಿಯಿತು. ನಾಳೆ ನಿಮ್ಮಲ್ಲಿ ಒಬ್ಬರು ನನ್ನ ಕುರ್ಚಿಯಲ್ಲಿ ಕೂಡ್ರುತ್ತೀರಿ. ಮಾರ್ಚ್ ಕೊನೆಯ ವಾರ ಬರುತ್ತದೆ, ಪಾಯ ಮುಚ್ಚಿರುತ್ತದೆ, ಬಿಲ್ಲು ಮುಂದೆ ಇರುತ್ತದೆ. ಅಂದು ಒಂದು ಕಡೆ ಅಗೆಸಿ ನೋಡಿ. ನಿಮ್ಮ ಪೂಜೆ ಅಲ್ಲಿಯೇ ಆಗುತ್ತದೆ.

ನಮ್ಮ ಅವ್ವ ಇಂದು ಇದ್ದಿದ್ದರೆ ಇದನ್ನು ಕೇಳಿ ಏನೆನ್ನುತ್ತಿದ್ದಳೋ ಗೊತ್ತಿಲ್ಲ. ಎಲೆಯ ಮೇಲೆ ಅಡ್ಡ ಹಿಡಿದ ಆ ಕೈಯನ್ನು ತೆಗೆಯುತ್ತಿರಲಿಲ್ಲ ಎಂಬುದಷ್ಟು ಗೊತ್ತು. ಅವಳಿಗೆ ಹೇಳಬೇಕಾಗಿದ್ದ ಮಾತನ್ನು ನೀವು ತಾಳ್ಮೆಯಿಂದ ಕೇಳಿದಿರಿ.